ಶನಿವಾರದ ಹುಡುಗರು

ಗುರುವಾರ ರಾತ್ರಿಯ ಹುಡುಗರನ್ನು ಕುರಿತು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಮೈಗೊಪ್ಪುವಂತೆ ಹೊಲಿಸಿದ ಸೂಟು ತೊಟ್ಟು, ಅಪ್ಪ ಅಮ್ಮನ ನಡುವೆ ಕೂತು, ಹೆಸರು ಕೂಗಿದೊಡನೆ ವೇದಿಕೆ ಹತ್ತಿ, ತಂಡದ ಟೋಪಿ ಹಾಕಿಕೊಂಡು ಕ್ಯಾಮೆರಾಗಳತ್ತ ನಗುವ ಆ ಹುಡುಗರು ಬೆಳಗಾಗುವಷ್ಟರಲ್ಲಿ ದೇಶಕ್ಕೆಲ್ಲ ಪರಿಚಿತರು. ಅವರ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಆದರೆ ನನ್ನ ಮನಸ್ಸು ಕಾಯುವುದು ಶನಿವಾರಕ್ಕೆ.

ಹೇಳಹೊರಟಿದ್ದು ಅಮೆರಿಕನ್ ಫುಟ್‌ಬಾಲಿನ ಡ್ರಾಫ್ಟ್ ವಿಷಯ. ಹೆಲ್ಮೆಟ್ಟು, ಭುಜಕ್ಕೆ ಪ್ಯಾಡು, ಎರಡು ತುದಿ ಚೂಪಾದ ಚೆಂಡು ಇರುವ ಆಟ. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು. ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿ ಆ ತಂಡಗಳು ಸರದಿಯ ಮೇಲೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ಇಲ್ಲಿ ಹರಾಜಿಲ್ಲ, ಕೂಗುವ ಬೆಲೆಯಿಲ್ಲ, ಬರೀ ಸರದಿ. ಗುರುವಾರ ಒಂದು ಸುತ್ತು, ಶುಕ್ರವಾರ ಎರಡು, ಶನಿವಾರ ನಾಲ್ಕರಿಂದ ಏಳು. ಒಟ್ಟು ಹೆಚ್ಚುಕಡಿಮೆ 250ರಿಂದ 260 ಹೆಸರುಗಳಲ್ಲಿ ಹೆಚ್ಚಿನವು ಬರುವುದು ಈ ಶನಿವಾರವೇ. ಬೆಂಗಳೂರಿನಲ್ಲಿ ಕೂತು ನೋಡುವ ನನ್ನಂಥವರಿಗೆ ಒಗ್ಗುವುದೂ ಅದೇ ದಿನ. ಮೊದಲ ಸುತ್ತು ನಮಗೆ ಶುಕ್ರವಾರ ಬೆಳಗಿನ ಜಾವ ಐದೂವರೆಗೆ ಶುರುವಾಗುತ್ತದೆ. ನಾಲ್ಕನೆಯ ಸುತ್ತು ಶುರುವಾಗುವುದು ಶನಿವಾರ ರಾತ್ರಿ ಒಂಬತ್ತೂವರೆಗೆ. ಊಟ ಮುಗಿದಿರುತ್ತದೆ, ಬೀದಿಯ ಸದ್ದು ಇಳಿದಿರುತ್ತದೆ, ಮರುದಿನ ಭಾನುವಾರ. ಮಡಿಲಲ್ಲಿ ಒಂದು ನೋಟ್‌ಬುಕ್ಕು ಇಟ್ಟುಕೊಂಡು ಕೂತರೆ ಆ ರಾತ್ರಿ ಎಷ್ಟು ಉದ್ದವಾದರೂ ಸಾಲದು.

ಈ ಪದ್ಧತಿ ಹಳೆಯದು. ಫಿಲಡೆಲ್ಫಿಯಾ ತಂಡದ ಒಡೆಯ ಬರ್ಟ್ ಬೆಲ್ ಅವರ ಸಲಹೆಯಂತೆ 1936ರಲ್ಲಿ ಅದೇ ಊರಿನಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಮೊಟ್ಟಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಮುಂದೆ ಸುತ್ತುಗಳು ಬೆಳೆದು ಮೂವತ್ತಕ್ಕೆ ಮುಟ್ಟಿ, ಕರಗಿ, 1994ರಿಂದ ಏಳಕ್ಕೆ ನಿಂತಿವೆ. ಗ್ರೀನ್ ಬೇ ತಂಡಕ್ಕೆ ಮೊದಲೆರಡು ಸೂಪರ್ ಬೌಲ್, ಅಂದರೆ ಋತುವಿನ ಅಂತಿಮ ಪಂದ್ಯ, ಗೆದ್ದುಕೊಟ್ಟ ಬಾರ್ಟ್ ಸ್ಟಾರ್ 1956ರಲ್ಲಿ ಸಿಕ್ಕಿದ್ದು ಹದಿನೇಳನೆಯ ಸುತ್ತಿನಲ್ಲಿ. ಆಗ ತಂಡಗಳು ಹನ್ನೆರಡೇ ಇದ್ದುದರಿಂದ ಅದು ಒಟ್ಟಾರೆ 200ನೆಯ ಆಯ್ಕೆ. ಈ ಅಂಕಿಯ ನೆರೆಮನೆಯವನೊಬ್ಬನಿದ್ದಾನೆ, ಅವನ ಹತ್ತಿರ ಆಮೇಲೆ ಬರುತ್ತೇನೆ.

ಶನಿವಾರದ ಹುಡುಗರನ್ನು ಅಳೆಯುವ ಕೆಲಸ ಫೆಬ್ರವರಿಗೂ ಮುಂಚೆಯೇ ಶುರುವಾಗಿರುತ್ತದೆ. ಫೆಬ್ರವರಿ ಮುಗಿಯುವ ಹೊತ್ತಿಗೆ ಇಂಡಿಯಾನಾಪೊಲಿಸ್‌ನಲ್ಲಿ ಮುನ್ನೂರು ಮಂದಿಗೂ ಹೆಚ್ಚು ಆಟಗಾರರನ್ನು ಸೇರಿಸಿ ಕಂಬೈನ್ ಎಂಬ ಪರೀಕ್ಷೆ ನಡೆಸುತ್ತಾರೆ. ಎತ್ತರ, ತೂಕ, ತೋಳಿನ ಉದ್ದ, ಹಸ್ತದ ಅಗಲ, ಎಲ್ಲವನ್ನೂ ಇಂಚಿನ ಎಂಟನೆಯ ಒಂದು ಭಾಗದವರೆಗೆ ಅಳೆಯುತ್ತಾರೆ. 40 ಗಜ ಓಡಿಸುತ್ತಾರೆ. ನಿಂತಲ್ಲಿಂದ ಮೇಲಕ್ಕೂ ಮುಂದಕ್ಕೂ ನೆಗೆಸುತ್ತಾರೆ. 225 ಪೌಂಡಿನ, ಅಂದರೆ 102 ಕಿಲೋ ತೂಕದ ಸಲಾಕೆಯನ್ನು ಮಲಗಿಕೊಂಡು ಎಷ್ಟು ಸಲ ಎತ್ತುತ್ತಾರೆ ಎಂದು ಎಣಿಸುತ್ತಾರೆ. ವೈದ್ಯರು ಮಂಡಿ, ಭುಜಗಳನ್ನು ತಿರುಚಿ ನೋಡುತ್ತಾರೆ. ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವ, ಸುಳಿ ಹುಡುಕುವ ನೋಟ ನೆನಪಾಗಿ ನನಗೆ ಇದು ಹಿತವೆನಿಸುವುದಿಲ್ಲ. ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗ ಒಳಚಡ್ಡಿಯಲ್ಲಿ ನಿಂತು, ನೂರಾರು ಅಪರಿಚಿತರು ತನ್ನ ಮೈಯನ್ನು ಬರೆದುಕೊಳ್ಳುವುದನ್ನು ನೋಡುತ್ತಿರಬೇಕು. ಇಷ್ಟೆಲ್ಲ ಅಳೆದ ಮೇಲೂ ಆಟ ಬರುತ್ತದೋ ಇಲ್ಲವೋ ಎಂಬುದು ಆ ಕಾಗದದಲ್ಲಿ ಇರುವುದಿಲ್ಲ.

ಆ ಕಾಗದದ ಬಲ ಇರುವುದು ಮೊದಲ ಸುತ್ತುಗಳಲ್ಲಿ. ಅಲ್ಲಿ ಎತ್ತರವೂ ಬೇಕು, ವೇಗವೂ ಬೇಕು, ದೊಡ್ಡ ಕಾಲೇಜಿನ ಹೆಸರೂ ಬೇಕು, ಗಾಯದ ಗುರುತು ಇರಬಾರದು. ಕೊರತೆ ಕಂಡರೆ ಹೆಸರು ಕೆಳಕ್ಕಿಳಿಯುತ್ತದೆ. ಹಾಗೆ ಇಳಿದಿಳಿದು ಶನಿವಾರಕ್ಕೆ ಬರುವ ಹೊತ್ತಿಗೆ ಉಳಿದವರೆಲ್ಲ ಒಂದಿಲ್ಲೊಂದು ಕೊರತೆ ಇದ್ದವರೇ. ಒಬ್ಬ ಕುಳ್ಳ, ಒಬ್ಬ ನಿಧಾನ, ಒಬ್ಬನ ಭುಜಕ್ಕೆ ಶಸ್ತ್ರಚಿಕಿತ್ಸೆ ಆಗಿದೆ, ಒಬ್ಬ ಯಾರೂ ಕೇಳರಿಯದ ಊರಿನ ಕಾಲೇಜಿನವನು. ಆಗ ಕೇಳುವ ಪ್ರಶ್ನೆಯೇ ಬದಲಾಗುತ್ತದೆ. ಇವನಲ್ಲಿ ಏನಿಲ್ಲ ಎಂದು ಕೇಳಿ ಪ್ರಯೋಜನವಿಲ್ಲ, ಅದು ಎಲ್ಲರಿಗೂ ಗೊತ್ತು. ಇವನಲ್ಲಿರುವ ಯಾವ ಒಂದು ಗುಣ ಉಳಿದವರಲ್ಲಿ ಇಲ್ಲ? ಆ ಗುಣಕ್ಕೆ ನಮ್ಮ ತಂಡದಲ್ಲಿ ಜಾಗ ಇದೆಯೇ? ಕೊರತೆ ಎಣಿಸುವ ಕಣ್ಣು ಮುಚ್ಚಿ ಇರವನ್ನು ಕಾಣುವ ಕಣ್ಣು ತೆರೆಯುವ ದಿನ ಎಂಬುದಕ್ಕೇ ನನಗೆ ಶನಿವಾರ ಇಷ್ಟ.

ಜಾರ್ಜ್ ಕಿಟಲ್ ಎಂಬ ಟೈಟ್ ಎಂಡ್‌ನ ಕತೆಯನ್ನೇ ನೋಡಿ. ಟೈಟ್ ಎಂಡ್ ಅಂದರೆ ಎರಡು ಕೆಲಸದವನು: ಒಂದು ಗಳಿಗೆ ಎದುರಾಳಿಯನ್ನು ಮೈಕೊಟ್ಟು ತಡೆಯಬೇಕು, ಇನ್ನೊಂದು ಗಳಿಗೆ ಓಡಿಹೋಗಿ ಚೆಂಡು ಹಿಡಿಯಬೇಕು. ಅಯೋವಾ ವಿಶ್ವವಿದ್ಯಾಲಯದಲ್ಲಿ ಕಿಟಲ್ ಇಡೀ ಕಾಲೇಜು ಜೀವನದಲ್ಲಿ ಹಿಡಿದದ್ದು 48 ಚೆಂಡು. ಪಟ್ಟಿ ಓದುವವನಿಗೆ ಇದು ಬಡ ಲೆಕ್ಕ. ಆದರೆ ಅಯೋವಾ ನೆಲದ ಮೇಲಿನ ಆಟವನ್ನು ನಂಬಿದ ತಂಡ, ಚೆಂಡು ಎಸೆಯುವುದೇ ಕಡಿಮೆ. ಪಂದ್ಯದ ಟೇಪ್ ಹಾಕಿಕೊಂಡು, ಚೆಂಡಿನ ಹಿಂದೆ ಕಣ್ಣು ಓಡಿಸದೆ ಇವನೊಬ್ಬನನ್ನೇ ನೋಡುತ್ತ ಕೂತರೆ ಬೇರೆಯೇ ಆಟ ಕಾಣುತ್ತದೆ. ತನಗಿಂತ ದಪ್ಪನೆಯವನ ಎದೆಗೆ ಎರಡೂ ಕೈ ಕೊಟ್ಟು, ಕಾಲು ನಿಲ್ಲಿಸದೆ, ಸೀಟಿ ಊದುವವರೆಗೂ ಅವನನ್ನು ಹಿಂದಕ್ಕೆ ತಳ್ಳಿಕೊಂಡು ಹೋಗುತ್ತಾನೆ. ಅದನ್ನು ಮಾಡುವಾಗ ಅವನಿಗೆ ಸಂತೋಷ ಆಗುತ್ತಿದೆ ಎಂಬುದೂ ತಿಳಿಯುತ್ತದೆ. ಕಂಬೈನ್‌ನಲ್ಲಿ 40 ಗಜವನ್ನು 4.52 ಸೆಕೆಂಡಿನಲ್ಲಿ ಓಡಿದ. ಅಷ್ಟು ಭಾರದ ಮೈಗೆ ಅದು ಬಹಳ ವೇಗ. ಆದರೂ 2017ರಲ್ಲಿ ಐದನೆಯ ಸುತ್ತಿನವರೆಗೆ ಉಳಿದ. 146ನೆಯವನಾಗಿ ಸ್ಯಾನ್ ಫ್ರಾನ್ಸಿಸ್ಕೊ ಆರಿಸಿಕೊಂಡಿತು. ಮರುವರ್ಷವೇ ಅವನು ಚೆಂಡು ಹಿಡಿದು 1,377 ಗಜ ಗಳಿಸಿದ. ಅಲ್ಲಿಯವರೆಗೆ ಯಾವ ಟೈಟ್ ಎಂಡ್ ಕೂಡ ಒಂದು ಋತುವಿನಲ್ಲಿ ಅಷ್ಟು ಗಳಿಸಿರಲಿಲ್ಲ.

ಕಿಟಲ್‌ನಂಥವನನ್ನು ಮೊದಲು ಗುರುತಿಸುವವರು ಸ್ಕೌಟ್‌ಗಳು. ಒಬ್ಬೊಬ್ಬರಿಗೆ ಒಂದೊಂದು ಸೀಮೆ ಹಂಚಿರುತ್ತಾರೆ. ಆಗಸ್ಟಿನಿಂದ ಕಾರಿನಲ್ಲಿ ಕಾಲೇಜಿನಿಂದ ಕಾಲೇಜಿಗೆ, ಅಗ್ಗದ ಮೋಟೆಲುಗಳಲ್ಲಿ ಮಲಗಿ, ಹಗಲು ಅಭ್ಯಾಸ ನೋಡಿ, ರಾತ್ರಿ ವರದಿ ಬರೆಯುವ ಬಾಳು. ಆಟಗಾರನನ್ನಷ್ಟೇ ನೋಡಿದರೆ ಸಾಲದು. ತಂಡದ ಟ್ರೈನರ್, ಬಟ್ಟೆ ಸಾಮಾನು ನೋಡಿಕೊಳ್ಳುವವರು, ಕ್ಯಾಂಟೀನಿನವರು, ಇವರನ್ನೆಲ್ಲ ಮಾತಾಡಿಸುತ್ತಾರೆ. ಸೋತ ಪಂದ್ಯದ ಮರುದಿನ ಹುಡುಗ ಹೇಗಿದ್ದ, ಗಾಯವಾಗಿ ಆಡದೆ ಕೂತಾಗ ಹೊಸಬರಿಗೆ ಹೇಳಿಕೊಡುತ್ತಿದ್ದನೇ ಎಂದು ಕೇಳುತ್ತಾರೆ. ಮೊದಲ ಸುತ್ತಿನ ಆಟಗಾರನನ್ನು ಮಾಲೀಕರಿಂದ ಹಿಡಿದು ಎಲ್ಲರೂ ನೋಡಿರುತ್ತಾರೆ. ಆರನೆಯ ಸುತ್ತಿನವನನ್ನು ಎದ್ದು ನಿಂತು ವಾದಿಸಿ ಉಳಿಸುವುದು ಸಾಮಾನ್ಯವಾಗಿ ಇಂಥ ಒಬ್ಬ ಸ್ಕೌಟ್ ಅಥವಾ ಒಬ್ಬ ಕೋಚ್.

ಈ ವರದಿಗಳಿಗೆ ಸಂಬಂಧಿಸಿದಂತೆ ನಮ್ಮ ದೇಶದವರೊಬ್ಬರ ನೆನಪು ಮಾಡಲೇಬೇಕು. 1960ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ಟೆಕ್ಸ್ ಶ್ರಾಮ್ ಅವರಿಗೆ ಆಟಗಾರರ ಆಯ್ಕೆಗೆ ಕಂಪ್ಯೂಟರ್ ಬಳಸುವ ಯೋಚನೆ ಬಂತು. ಐಬಿಎಂನ ಅಂಗಸಂಸ್ಥೆಯಿಂದ ಆ ಕೆಲಸಕ್ಕೆ ಬಂದವರು ಅಲಿಗಢದಲ್ಲಿ ಓದಿದ ಸಲಾಂ ಖುರೇಷಿ. ಕ್ರಿಕೆಟ್ ಬಲ್ಲವರು, ಈ ಆಟದ ಗಂಧ ಇಲ್ಲದವರು. ಬಹುಶಃ ಅದೇ ಅನುಕೂಲವಾಯಿತು. ಒಬ್ಬ ಕೋಚ್ ‘ಚುರುಕು’ ಎಂದು ಬರೆದದ್ದಕ್ಕೂ ಇನ್ನೊಬ್ಬ ಹಾಗೆ ಬರೆದದ್ದಕ್ಕೂ ಅರ್ಥ ಒಂದೇ ಅಲ್ಲವಲ್ಲ? ನೂರಾರು ಬಗೆಯ ಹೊಗಳಿಕೆ ತೆಗಳಿಕೆಗಳನ್ನು ಸೋಸಿ ಕೊನೆಗೆ ಐದು ಗುಣಗಳಿಗೆ ಇಳಿಸಿದರು: ನಡತೆ, ಮೈ ಹಿಡಿತದೊಂದಿಗೆ ಬರುವ ಚುರುಕು, ಸ್ಪರ್ಧೆಯ ಛಲ, ಬುದ್ಧಿಯ ಎಚ್ಚರ, ಸ್ಫೋಟಿಸುವ ಬಲ. ಇವುಗಳಲ್ಲಿ ಮೂರನ್ನು ಯಾವ ಅಳತೆಪಟ್ಟಿಯೂ ಅಳೆಯಲಾರದು. ಅಂಕಿಗಳನ್ನೇ ಉಣ್ಣುವ ಯಂತ್ರಕ್ಕೆ ಹೊಟ್ಟೆ ತುಂಬಿಸಲು ಹೊರಟವರು ನಡತೆಯನ್ನೂ ಛಲವನ್ನೂ ಬಿಡಲಿಲ್ಲ ಎಂಬುದು ನನಗೆ ತುಂಬ ದೊಡ್ಡ ಮಾತಾಗಿ ಕಾಣುತ್ತದೆ. ಆ ಐದು ಗುಣಗಳನ್ನು ನಾನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.

ಗುಣ ಇದ್ದರಾಯಿತೇ, ಅದಕ್ಕೆ ಜಾಗ ಬೇಕು ಎಂದೆನಲ್ಲ, ಅದಕ್ಕೆ ಸಿಯಾಟಲ್ ತಂಡಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಕೋಚ್ ಪೀಟ್ ಕ್ಯಾರೊಲ್ ಅವರಿಗೆ ಎದುರಾಳಿಯ ಚೆಂಡು ಹಿಡಿಯುವವನ ಮೈಗೆ ಮೈ ತಾಗಿಸಿ ಆಡುವ, ಉದ್ದ ತೋಳಿನ ಕಾರ್ನರ್‌ಬ್ಯಾಕ್‌ಗಳು ಬೇಕಿತ್ತು. ಬೇರೆ ತಂಡಗಳಿಗೆ ಆ ಜಾಗದಲ್ಲಿ ಬೇಕಿದ್ದದ್ದು ಗಿಡ್ಡ, ಮಿಂಚಿನ ಕಾಲಿನವರು. ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಶೆರ್ಮನ್ ಆರಡಿ ಮೂರಿಂಚಿನವನು, ಓಟ ಸಾಧಾರಣ. ಮೊದಲು ಚೆಂಡು ಹಿಡಿಯುವ ವೈಡ್ ರಿಸೀವರ್ ಆಗಿದ್ದು, ಕಾಲೇಜಿನ ಕೊನೆಯ ಎರಡು ಋತುಗಳಲ್ಲಿ ಮಾತ್ರ ಕಾರ್ನರ್‌ಬ್ಯಾಕ್ ಆಗಿ ಆಡಿದವನು. ಉಳಿದವರು ಇದನ್ನು ಅನುಭವದ ಕೊರತೆ ಎಂದು ಓದಿದರು. ಚೆಂಡು ಹಿಡಿಯುವವನು ಯಾವಾಗ ಯಾವ ಕಡೆ ತಿರುಗುತ್ತಾನೆಂದು ಒಳಗಿನಿಂದ ಬಲ್ಲವನು ಎಂದೂ ಓದಬಹುದಿತ್ತು. 2011ರಲ್ಲಿ ಐದನೆಯ ಸುತ್ತಿನಲ್ಲಿ, 154ನೆಯವನಾಗಿ ಸಿಯಾಟಲ್ ಅವನನ್ನು ಕರೆಯಿತು. ಅದೇ ಡ್ರಾಫ್ಟಿನ ಏಳನೆಯ ಸುತ್ತಿನಲ್ಲಿ, 242ನೆಯವನಾಗಿ, ಮಾಲ್ಕಮ್ ಸ್ಮಿತ್ ಎಂಬ ಲೈನ್‌ಬ್ಯಾಕರ್‌ನನ್ನು ತೆಗೆದುಕೊಂಡಿತು.

2014ರ ಜನವರಿ. ಸೂಪರ್ ಬೌಲ್‌ಗೆ ಹೋಗುವವರು ಯಾರೆಂದು ತೀರ್ಮಾನಿಸುವ ಪಂದ್ಯ, ಕೊನೆಯ ನಿಮಿಷ. ಸ್ಯಾನ್ ಫ್ರಾನ್ಸಿಸ್ಕೊ ಗೆಲುವಿನ ಅಂಚಿಗೆ ಬಂದು ಮೂಲೆಗೆ ಚೆಂಡು ಎಸೆದಿದೆ. ಶೆರ್ಮನ್ ಗಾಳಿಯಲ್ಲಿ ತಿರುಗಿ ಆ ಉದ್ದ ತೋಳು ಚಾಚುತ್ತಾನೆ, ಬೆರಳ ತುದಿ ಚೆಂಡಿಗೆ ತಾಗುತ್ತದೆ, ಚೆಂಡು ಒಳಕ್ಕೆ ಸಿಡಿಯುತ್ತದೆ, ಅಲ್ಲಿಗೆ ಓಡಿಬಂದ ಸ್ಮಿತ್ ಹಿಡಿಯುತ್ತಾನೆ. ಇಡೀ ಋತು ಇಬ್ಬರು ಶನಿವಾರದ ಹುಡುಗರ ಕೈಯಿಂದ ಕೈಗೆ ಸಾಗಿತು. ಎರಡು ವಾರದ ನಂತರ ಸಿಯಾಟಲ್ ಡೆನ್ವರ್ ತಂಡವನ್ನು 43–8ರಿಂದ ಸೋಲಿಸಿತು. ಪಂದ್ಯದ ಶ್ರೇಷ್ಠ ಆಟಗಾರ 242ನೆಯ ಸ್ಮಿತ್. ಆ ಬೆರಳ ತುದಿಯ ದೃಶ್ಯವನ್ನು ನಾನು ಇವತ್ತಿಗೂ ನಿಧಾನಗತಿಯಲ್ಲಿ ಹಾಕಿಕೊಂಡು ನೋಡುತ್ತೇನೆ. ತೋಳು ಒಂದಿಂಚು ಗಿಡ್ಡವಾಗಿದ್ದರೆ ಎಂಬ ಯೋಚನೆ ಪ್ರತಿ ಸಲವೂ ಮೈ ನವಿರೇಳಿಸುತ್ತದೆ.

ಇನ್ನು ನೆರೆಮನೆಯವನ ವಿಚಾರ. 199ನೆಯ ಆಯ್ಕೆ, 2000ನೆಯ ಇಸವಿ, ಆರನೆಯ ಸುತ್ತು: ಟಾಮ್ ಬ್ರೇಡಿ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್. ಅವನಿಗಿಂತ ಮೊದಲು ಆರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು ಎಂಬ ಸಂಗತಿಯನ್ನು ಅಮೆರಿಕದಲ್ಲಿ ಮಕ್ಕಳೂ ಹೇಳುತ್ತಾರೆ. 40 ಗಜ ಓಡಲು 5.28 ಸೆಕೆಂಡು, ಸೊರಗಿದ ಮೈ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ತನ್ನ ಜಾಗವನ್ನೇ ಕಿರಿಯನೊಬ್ಬನೊಂದಿಗೆ ಹಂಚಿಕೊಂಡವನು. ಆದರೆ ಅದೇ ವರ್ಷದ ಜನವರಿ 1ರಂದು ಆರೆಂಜ್ ಬೌಲ್ ಎಂಬ ಕಾಲೇಜು ಪಂದ್ಯದಲ್ಲಿ ಅಲಬಾಮಾ ವಿರುದ್ಧ ಎರಡು ಬಾರಿ 14 ಅಂಕ ಹಿಂದೆ ಬಿದ್ದ ತಂಡವನ್ನು ಎತ್ತಿಕೊಂಡು ಬಂದು 35–34ರಿಂದ ಗೆಲ್ಲಿಸಿದ್ದ. ಮುಚ್ಚಿಟ್ಟ ಟೇಪ್ ಅಲ್ಲ ಅದು. ದೇಶವೇ ಟಿವಿಯಲ್ಲಿ ನೋಡಿದ ಆಟ.

ಬ್ರೇಡಿಯನ್ನು ಆರಿಸಿದ ನ್ಯೂ ಇಂಗ್ಲೆಂಡ್ ತಂಡಕ್ಕೆ ಭವಿಷ್ಯ ಕಾಣಿಸಿತ್ತು ಎಂದು ಹೇಳುವುದು ಸುಳ್ಳಾಗುತ್ತದೆ. ಅವನಿಗಿಂತ ಮುಂಚೆ ಆ ತಂಡವೇ ಬೇರೆ ಆರು ಜನರನ್ನು ಆರಿಸಿತ್ತು. ಆದರೆ ಒಬ್ಬರಿಗೆ ಕಂಡಿತ್ತು. ತಂಡದ ಕ್ವಾರ್ಟರ್‌ಬ್ಯಾಕ್ ಕೋಚ್ ಡಿಕ್ ರೇಬೈನ್ ಅವರನ್ನು ಆ ವರ್ಷ ಇಬ್ಬರು ಹುಡುಗರನ್ನು ನೋಡಿ ಬರಲು ಕಳಿಸಿದ್ದರು. ಒಬ್ಬ ಲೂಸಿಯಾನಾ ಟೆಕ್‌ನ ಟಿಮ್ ರಾಟೆ, ಇನ್ನೊಬ್ಬ ಬ್ರೇಡಿ. ರೇಬೈನ್ ಬ್ರೇಡಿಯ ಪರ ನಿಂತರು. ಮುಂದಿನ ವರ್ಷ, 2001ರ ಆಗಸ್ಟಿನಲ್ಲಿ, ತಂಡದ ಶಿಬಿರ ನಡೆಯುತ್ತಿರುವಾಗಲೇ 45ರ ವಯಸ್ಸಿಗೆ ರೇಬೈನ್ ತೀರಿಕೊಂಡರು. ಮರು ತಿಂಗಳು ಮುಖ್ಯ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೋ ಗಾಯಗೊಂಡು, ಬ್ರೇಡಿ ಮೈದಾನಕ್ಕಿಳಿದ. ಆ ಋತುವಿನ ಕೊನೆಗೆ ಮೊದಲ ಸೂಪರ್ ಬೌಲ್, ಮುಂದೆ ಒಟ್ಟು ಏಳು. ತಾನು ಕಂಡದ್ದು ನಿಜವಾಯಿತೆಂದು ತಿಳಿಯುವ ಮೊದಲೇ ಆ ಮನುಷ್ಯ ಹೋಗಿಬಿಟ್ಟರು. ಬ್ರೇಡಿಯ ಕತೆ ಹೇಳುವಾಗ ಉಳಿದ ಆರು ಕ್ವಾರ್ಟರ್‌ಬ್ಯಾಕ್‌ಗಳ ಹೆಸರು ಎಣಿಸುವುದಕ್ಕಿಂತ ರೇಬೈನ್ ಅವರ ಹೆಸರು ಹೇಳುವುದು ನ್ಯಾಯ ಎಂದು ನನ್ನ ಭಾವನೆ.

ಆ 199ನೆಯ ಆಯ್ಕೆ ಮಾಮೂಲಿ ಸರದಿಯದೂ ಅಲ್ಲ. ಹಿಂದಿನ ವರ್ಷ ಬೇರೆ ತಂಡಗಳಿಗೆ ಹೊರಟುಹೋದ ಆಟಗಾರರಿಗೆ ಪರಿಹಾರವಾಗಿ ಕೆಲವು ತಂಡಗಳಿಗೆ ಸುತ್ತಿನ ಕೊನೆಯಲ್ಲಿ ಹೆಚ್ಚುವರಿ ಆಯ್ಕೆ ಕೊಡುತ್ತಾರೆ, ಅಂಥದು. 2022ರ ಕಟ್ಟಕಡೆಯ, 262ನೆಯ ಆಯ್ಕೆಯೂ ಅಂಥದೇ. ಕಡೆಯವನಿಗೆ ‘ಮಿಸ್ಟರ್ ಇರ್ರೆಲೆವೆಂಟ್’, ಅಂದರೆ ಲೆಕ್ಕಕ್ಕಿಲ್ಲದವನು, ಎಂದು ಹೆಸರಿಟ್ಟು ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ವಾರವಿಡೀ ಸತ್ಕಾರ ಮಾಡುವ ಪದ್ಧತಿಯನ್ನು 1976ರಲ್ಲಿ ಮಾಜಿ ಆಟಗಾರ ಪಾಲ್ ಸಲಾಟ ಪ್ರೀತಿಯಿಂದಲೇ ಶುರುಮಾಡಿದ್ದರು. 2022ರ ಆ ಗೌರವ ಸ್ಯಾನ್ ಫ್ರಾನ್ಸಿಸ್ಕೊ ಆರಿಸಿದ, ಅಯೋವಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿಗೆ. ಎತ್ತರ ಅಷ್ಟಕ್ಕಷ್ಟೆ, ಹಸ್ತ ಚಿಕ್ಕದು, ಎಸೆತದಲ್ಲಿ ಗುಂಡಿನ ವೇಗವಿಲ್ಲ. ಇದ್ದದ್ದು ನಾಲ್ಕು ವರ್ಷದ ಆಟ. ಸೋಲು, ಗೆಲುವು, ತನ್ನದೇ ತಪ್ಪಿನಿಂದ ಕಳೆದ ಪಂದ್ಯ, ಮರುವಾರ ಮತ್ತೆ ಮೈದಾನ. ಅದೇ ಸ್ಯಾನ್ ಫ್ರಾನ್ಸಿಸ್ಕೊ ಹಿಂದಿನ ವರ್ಷ ಮೂರು ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟು ಮೂರನೆಯ ಸ್ಥಾನದಲ್ಲಿ ಟ್ರೇ ಲಾನ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ತಂದಿತ್ತು. ಅಪಾರ ಮೈಬಲ, ಕಾಲೇಜಿನಲ್ಲಿ ಒಂದೇ ಪೂರ್ಣ ಋತು. ಲಾನ್ಸ್ ಕಾಲು ಮುರಿದುಕೊಂಡ, ಅವನ ನಂತರದವನೂ ಮುರಿದುಕೊಂಡ, ಡಿಸೆಂಬರಿನಲ್ಲಿ ಪರ್ಡಿ ಬಂದ. 2024ರ ಫೆಬ್ರವರಿಯಲ್ಲಿ ಸೂಪರ್ ಬೌಲ್‌ನಲ್ಲಿ ಹೆಚ್ಚುವರಿ ಅವಧಿಯವರೆಗೂ ಹೋರಾಡಿ 25–22ರಿಂದ ಸೋತ. ಲಾನ್ಸ್‌ನ ದುರದೃಷ್ಟಕ್ಕೆ ಮರುಗುತ್ತಲೇ ಹೇಳುತ್ತೇನೆ, ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಶನಿವಾರಕ್ಕೆ ಉಳಿದವರ ಪೈಕಿ ನಾನು ಹುಡುಕುವುದು ಹೆಚ್ಚು ಪಂದ್ಯ ಆಡಿದವನನ್ನು.

ಶನಿವಾರದ ಹುಡುಗರ ಮೇಲಿನ ಈ ನಂಬಿಕೆ ಬರೀ ನನ್ನ ಮಮತೆಯ ಮಾತಲ್ಲ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್, ಕೇಡ್ ಮ್ಯಾಸಿ ಜೊತೆ ಸೇರಿ ಡ್ರಾಫ್ಟಿನ ಲೆಕ್ಕ ತೆಗೆದಿದ್ದಾರೆ. ಒಂದು ಸ್ಥಾನಕ್ಕೆ ಆಯ್ಕೆಯಾದವನು ಅದೇ ಸ್ಥಾನಕ್ಕೆ ಅವನ ನಂತರ ಆಯ್ಕೆಯಾದವನಿಗಿಂತ ಚೆನ್ನಾಗಿ ಆಡುವ ಸಂಭವ ನೂರಕ್ಕೆ 52. ನಾಣ್ಯ ಚಿಮ್ಮಿದರೂ 50 ಬರುತ್ತದೆ. ಹಾಗಾದರೆ ಒಬ್ಬನಿಗಾಗಿ ಮೂರು ನಾಲ್ಕು ಆಯ್ಕೆ ಕೊಟ್ಟು ಮೇಲಕ್ಕೆ ಏರುವುದಕ್ಕಿಂತ ಕೆಳಗಿಳಿದು ಹೆಚ್ಚು ಹುಡುಗರನ್ನು ತರುವುದೇ ಜಾಣತನ.

ಕೆಲವೊಮ್ಮೆ ಆಯ್ಕೆ ಸುಮ್ಮನೆ ತಾಳ್ಮೆಯ ಹೂಡಿಕೆ. 2018ರಲ್ಲಿ ಫಿಲಡೆಲ್ಫಿಯಾ 233ನೆಯವನಾಗಿ ಆರಿಸಿದ ಜೋರ್ಡನ್ ಮೈಲಾಟ ಸಿಡ್ನಿಯವನು, ರಗ್ಬಿ ಲೀಗ್ ಆಡಿದವನು. ಆರಡಿ ಎಂಟಿಂಚು. ಅಮೆರಿಕನ್ ಫುಟ್‌ಬಾಲಿನ ಒಂದು ಪಂದ್ಯವನ್ನೂ ಆಡಿರಲಿಲ್ಲ. ನೋಡಲು ಟೇಪೇ ಇಲ್ಲದ ಹುಡುಗ! ಮೊದಲ ಎರಡು ಋತು ಅವನನ್ನು ಒಂದು ಪಂದ್ಯಕ್ಕೂ ಇಳಿಸಲಿಲ್ಲ. ಲೈನ್ ಕೋಚ್ ಜೆಫ್ ಸ್ಟೌಟ್‌ಲಂಡ್ ಕಾಲು ಎಲ್ಲಿಡಬೇಕು ಎಂಬಲ್ಲಿಂದ ಕಲಿಸಿದರು. 2025ರ ಫೆಬ್ರವರಿಯಲ್ಲಿ ಅವನು ಸೂಪರ್ ಬೌಲ್ ಗೆದ್ದ ತಂಡದ ಎಡ ತುದಿಯ ಗೋಡೆ. ಏಳನೆಯ ಸುತ್ತಿನ ಆಯ್ಕೆ ಫಲಿಸದಿದ್ದರೆ ನಷ್ಟ ಅಲ್ಪ, ಕಾಯುವ ಧೈರ್ಯ ಅಲ್ಲಿಂದಲೇ ಬರುತ್ತದೆ.

ಆಯ್ಕೆಯಾದ ಮಾತ್ರಕ್ಕೆ ಶನಿವಾರದ ಹುಡುಗನ ಪರೀಕ್ಷೆ ಮುಗಿಯುವುದಿಲ್ಲ. ಬೇಸಗೆಯ ಶಿಬಿರದಲ್ಲಿ 90 ಜನ, ಋತು ಶುರುವಾಗುವಾಗ ಉಳಿಯುವವರು 53. ಮುಖ್ಯ ಜಾಗಗಳಲ್ಲಿ ಹಳಬರಿರುತ್ತಾರೆ. ಇವನಿಗೆ ಸಿಗುವುದು ಸ್ಪೆಷಲ್ ಟೀಮ್ಸ್, ಅಂದರೆ ಚೆಂಡು ಒದ್ದಾಗ ಮೈದಾನದುದ್ದಕ್ಕೂ ಓಡಿಹೋಗಿ ಎದುರಿನವನನ್ನು ಕೆಡವುವ ಕೆಲಸ. ಹಾಗಾಗಿ ಆರನೆಯ ಸುತ್ತಿನ ಆಟಗಾರನ ಟೇಪ್ ನೋಡುವಾಗ ಕಿಕಾಫ್‌ನಲ್ಲಿ ಅವನು ಹೇಗೆ ಓಡುತ್ತಾನೆ ಎಂಬುದನ್ನು ನಾನು ಬಿಡದೆ ನೋಡುತ್ತೇನೆ.

ಆ ಓಟದಿಂದಲೇ ಬಾಳು ತಿರುಗಿದವನು ಟೆರೆಲ್ ಡೇವಿಸ್. ಮೊದಲು ಲಾಂಗ್ ಬೀಚ್ ಸ್ಟೇಟ್ ಕಾಲೇಜು ಸೇರಿದ್ದ, ಅಲ್ಲಿ ಫುಟ್‌ಬಾಲ್ ತಂಡವನ್ನೇ ಮುಚ್ಚಿಬಿಟ್ಟರು. ಜಾರ್ಜಿಯಾಕ್ಕೆ ಹೋದ, ಅಲ್ಲಿ ತೊಡೆಯ ಸ್ನಾಯು ಕೈಕೊಟ್ಟಿತು. 1995ರಲ್ಲಿ ಡೆನ್ವರ್ ತಂಡ ಆರನೆಯ ಸುತ್ತಿನಲ್ಲಿ, 196ನೆಯವನಾಗಿ ತೆಗೆದುಕೊಂಡಿತು. ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್‌ಗಳ ಸಾಲಿನಲ್ಲಿ ಕಡೆಯವನು. ಆ ಆಗಸ್ಟಿನಲ್ಲಿ ತಂಡ ಪ್ರದರ್ಶನ ಪಂದ್ಯಕ್ಕೆಂದು ಟೋಕಿಯೋಗೆ ಹೋಯಿತು. ಎಲ್ಲ ಬಿಟ್ಟು ಮನೆಗೆ ಹೊರಟುಬಿಡೋಣ ಎಂದು ಅಲ್ಲಿ ಯೋಚಿಸಿದ್ದಾಗಿ ಅವನೇ ಮುಂದೆ ಹೇಳಿಕೊಂಡಿದ್ದಾನೆ. ಹೊರಡಲಿಲ್ಲ. ಪಂದ್ಯದಲ್ಲಿ ಕಿಕಾಫ್‌ಗೆ ಕಳಿಸಿದರು. ಓಡಿದ, ಚೆಂಡು ಹಿಡಿದು ಬರುತ್ತಿದ್ದವನಿಗೆ ಎದುರಾಗಿ ನುಗ್ಗಿ ಹಿಂದಕ್ಕೆ ಬೀಳುವಂತೆ ಡಿಕ್ಕಿ ಹೊಡೆದ. ಬದಿಯಲ್ಲಿ ನಿಂತಿದ್ದ ಕೋಚ್‌ಗಳು ಮೊದಲ ಬಾರಿಗೆ ಅವನತ್ತ ತಿರುಗಿ ನೋಡಿದರು. ಋತುವಿನ ಮೊದಲ ಪಂದ್ಯಕ್ಕೆ ಅವನೇ ಮುಖ್ಯ ರನ್ನಿಂಗ್ ಬ್ಯಾಕ್. ಆ ವರ್ಷ 1,117 ಗಜ ಓಡಿದ, 1998ರಲ್ಲಿ 2,008.